ಅವರ ಜಾಗದಲ್ಲಿ ಸಹಿ

ನಮ್ಮವರು ತೀರಿಕೊಂಡ ಸುದ್ದಿ ತಂದವರು, ಅವರು ಹುಲ್ಲಿನ ಮೇಲೆ ಚೆಂಡುರುಳಿಸಿ ಆಡಲು ಹೋಗುತ್ತಿದ್ದ ಬೌಲ್ಸ್ ಕ್ಲಬ್ಬಿನ ಕಾರ್ಯದರ್ಶಿ. ನಾನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದೆ. ಟೋಪಿಯನ್ನು ಕೈಯಲ್ಲಿ ಹಿಡಿದು ಅವರು ಬಾಗಿಲಲ್ಲಿ ನಿಂತದ್ದನ್ನು ಕಂಡಾಗಲೇ ನನಗೆ ತಿಳಿದುಹೋಯಿತು.

"ಆಡ್ತಾ ಆಡ್ತಾ ಹುಲ್ಲಿನ ಮೇಲೇ ಕುಸಿದರಮ್ಮ. ಫಾದರ್ ಬರೋವರೆಗೂ ಉಸಿರಿತ್ತು," ಎಂದರು.

ಫಾದರ್ ಕೈಯಿಂದ ಹಣೆಗೆ ಕಡೆಯ ತೈಲ ಬಿತ್ತೆಂಬುದೊಂದೇ ಆ ದಿನ ದೇವರು ನನಗೆ ಕೊಟ್ಟ ಸಮಾಧಾನ.

ಮಣ್ಣು ಮಾಡಿದ್ದು ಶುಕ್ರವಾರ. ಆಮೇಲೆ ಕ್ಲಬ್ಬಿನಲ್ಲಿ ಚಹಾ. ಅಲ್ಲಿನ ಅಡುಗೆಯವಳು ನಮ್ಮ ಕ್ಯಾಥೊಲಿಕ್ ಮತದವಳಲ್ಲ; ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲವೆಂದು ಅವಳಿಗೆ ತಿಳಿಯದು. ಸಾವಿನ ಮನೆಯ ಚಹಾ ಎಂದರೆ ಹಂದಿಮಾಂಸ ಇರಲೇಬೇಕೆಂದು ತಟ್ಟೆ ತುಂಬ ಅದನ್ನೇ ಇಟ್ಟ ಬ್ರೆಡ್ಡು ಜೋಡಿಸಿದ್ದಳು. ನನ್ನ ನಾದಿನಿ ವಿನಿಫ್ರೆಡ್ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಶುಕ್ರವಾರ ಮಾಂಸ! ನಮ್ಮಣ್ಣನ್ನ ಚೆನ್ನಾಗಿ ಕಳಿಸಿಕೊಟ್ಟೆ ಅತ್ತಿಗೆ," ಎಂದವಳೇ ಕೋಟು ತೊಟ್ಟು ಹೊರಟುಹೋದಳು. ಆಮೇಲೆ ಚರ್ಚಿಗೆ ಪೂಜೆಗೆ ಬಂದರೂ ಬೇರೆ ಬೆಂಚಿನಲ್ಲಿ ಕೂರುತ್ತಿದ್ದಳು.

ಮೆಟ್ಟಿಲು ಹತ್ತುವುದು ನನ್ನ ಮಂಡಿಗೆ ಆಗದಾಯಿತು. ಚರ್ಚಿನ ಹಿಂದೆ ವಯಸ್ಸಾದವರಿಗಾಗಿ ಕಟ್ಟಿದ ಮನೆಗಳಲ್ಲಿ ಒಂದು ತೆರವಾದಾಗ, ಇದೇ ಪ್ರೆಸ್ಟನ್ ಊರಿನ ನಮ್ಮ ಮನೆಯನ್ನು ಮಾರಲು ನಿಶ್ಚಯಿಸಿದೆ. ಕೊಳ್ಳುವವರೂ ಸಿಕ್ಕರು.

"ವಕೀಲರ ಚಿಂತೆ ಬಿಡಿ," ಎಂದ ದಲ್ಲಾಳಿ. "ನಮ್ಮ ಕಡೆಯದೇ ವಕೀಲರ ಕಂಪನಿ ಇದೆ. ಅಗ್ಗ. ಎಲ್ಲಾ ಫೋನಲ್ಲೇ ಮುಗಿಯುತ್ತೆ."

"ನನ್ನನ್ನ ಅವರ ಹತ್ತಿರ ಕಳಿಸಿದ್ದಕ್ಕೆ ನಿನಗೇನು ಕೊಡ್ತಾರಪ್ಪ?"

"ಏನೋ ಚೂರುಪಾರು ಅಮ್ಮ," ಎಂದು ಅವನು ನಕ್ಕ.

ಆ ಕಂಪನಿಗೆ ಫೋನು ಮಾಡಿದೆ. ಪ್ರತಿ ಸಲ ಬೇರೆ ದನಿ. ಕಡೆಗೊಬ್ಬ ಹುಡುಗಿ ವಿವರಿಸಿದಳು: ಮನೆಯಲ್ಲಿ ನಮ್ಮಿಬ್ಬರಿಗೂ ಬೇರೆಬೇರೆ ಪಾಲಿತ್ತು, ಒಬ್ಬರು ಹೋದ ಮೇಲೆ ಉಳಿದವರೊಬ್ಬರೇ ಮಾರುವಂತಿಲ್ಲ, ಹೋದವರ ಜಾಗದಲ್ಲಿ ಅವರ ಪಾಲನ್ನು ಕಾಯುವ ಇನ್ನೊಬ್ಬ ಟ್ರಸ್ಟಿ ನಿಂತು ಸಹಿ ಹಾಕಬೇಕು.

"ಯೋಚನೆ ಮಾಡಬೇಡಿ ಮೇಡಂ. ನಮ್ಮ ಆಫೀಸಿನವರೇ ಒಬ್ಬರು ಹಾಕ್ತಾರೆ. ದೂರದ ಕಾರ್ಡಿಫ್‌ನಲ್ಲಿದ್ದಾರೆ."

"ನಮ್ಮವರನ್ನ ನೋಡಿದ್ರಾ ಅವರು?"

"ನೋಡಿರಬೇಕಾಗಿಲ್ಲ ಮೇಡಂ."

ಕಾನೂನಿಗೆ ಬೇಕಾಗಿಲ್ಲ, ನಿಜ. ನನಗೆ ಬೇಕಾಗಿತ್ತು. ನಲವತ್ತು ವರ್ಷ ಆ ಮನೆಯ ಗೋಡೆಗೆ ಸುಣ್ಣ ಹೊಡೆದವರ ಜಾಗದಲ್ಲಿ ಗುರುತಿಲ್ಲದವನೊಬ್ಬ ನಿಲ್ಲುವುದನ್ನು ಮನಸ್ಸು ಒಪ್ಪಲಿಲ್ಲ. ಮರುದಿನ ಬಸ್ಸು ಹಿಡಿದು ಪೇಟೆಗೆ ಹೋಗಿ, ವಕೀಲೆ ಮಿಸ್ ಗಿಲ್ಲೋ ಅವರ ಕಚೇರಿಯ ಗಂಟೆ ಒತ್ತಿದೆ.

"ನನ್ನ ಫೀಸು ಜಾಸ್ತಿ. ಅವಸರವೂ ಮಾಡಲ್ಲ," ಎಂದು ಮೊದಲೇ ಹೇಳಿದರು. "ಆದರೆ ಫೋನು ಮಾಡಿದರೆ ನಾನೇ ಎತ್ತೋದು. ಎರಡನೇ ಸಹಿಗೆ ಯಾರು? ನಿಮಗೆ ನಂಬಿಕೆ ಇರೋವ್ರು ಯಾರಾದರೂ ಆಗಬಹುದು."

"ನಂಬಿಕೆ ಇರೋವಳು ಒಬ್ಬಳಿದ್ದಾಳೆ. ಮಾತು ಬಿಟ್ಟಿದ್ದಾಳೆ."

"ಕಾನೂನಿಗೆ ಸಹಿ ಸಾಕು, ಮಾತು ಬೇಡ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಸಹಿ ಹಾಕಿದವರನ್ನ ನಾನು ನೋಡಿದೀನಿ."

ಇವರೇ ನನ್ನ ವಕೀಲರು ಎಂದು ಅಲ್ಲೇ ಗೊತ್ತುಮಾಡಿಕೊಂಡೆ. ಇನ್ನು ಉಳಿದದ್ದು ವಿನಿಫ್ರೆಡ್. ಅವಳು ಒಲ್ಲೆನೆಂದರೆ ಆ ಜಾಗ ಮತ್ತೆ ಯಾರೋ ಹೊರಗಿನವರ ಪಾಲು.

ಅವಳು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಏನತ್ತಿಗೆ, ಇವತ್ತು ಬುಧವಾರ. ಮಾಂಸ ತಿನ್ನೋಕೆ ಅಡ್ಡಿಯಿಲ್ಲ."

"ಆ ತಟ್ಟೆ ಇಟ್ಟವಳು ಅಡುಗೆಯವಳು ವಿನ್ನಿ. ಗಂಡನ್ನ ಮಣ್ಣು ಮಾಡಿ ಬಂದವಳು ನಾನು. ಒಂದೊಂದು ಬ್ರೆಡ್ಡೂ ಎತ್ತಿ ನೋಡ್ಕೊಂಡು ಕೂತಿರಬೇಕಿತ್ತಾ?"

ನಾನು ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕಾರ್ಡಿಫ್ ಎಂದಾಗ ಅವಳ ಹುಬ್ಬು ಮೇಲೇರಿತು.

"ಅಣ್ಣನ ಜಾಗದಲ್ಲಿ? ಊರು ಕೇರಿ ಗೊತ್ತಿಲ್ಲದವನಾ?"

"ಅದಕ್ಕೇ ಆ ಕಂಪನಿಯವರನ್ನ ಬಿಟ್ಟೆ."

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನನಗೆ."

"ಇರಲಿ. ಸಿಟ್ಟು ಇಟ್ಕೊಂಡೇ ಬಾ."

ಬಾಗಿಲು ಪೂರ್ತಿ ತೆರೆಯಿತು. "ಮಂಡಿನೋವಿನವಳು ಎಷ್ಟು ಹೊತ್ತು ನಿಂತಿರ್ತೀಯ? ಒಳಗೆ ಬಾ," ಎಂದಳು.

ನವೆಂಬರಿನ ಮೊದಲ ವಾರ ಮಿಸ್ ಗಿಲ್ಲೋ ಅವರ ಮೇಜಿನ ಮುಂದೆ ಇಬ್ಬರೂ ಕುಳಿತೆವು. ವಿನಿಫ್ರೆಡ್ ಒಂದೊಂದು ಸಾಲನ್ನೂ ಓದಿದಳು. ಅಣ್ಣನ ಪಾಲು ಉಯಿಲಿನಲ್ಲಿ ಬರೆದಿಟ್ಟಂತೆಯೇ ಸಲ್ಲುತ್ತದೆಯೇ ಎಂದು ಕೇಳಿದಳು. ಉತ್ತರ ಕೇಳಿ, ಇನ್ನೊಮ್ಮೆ ಕೇಳಿದಳು. ವಕೀಲೆ ಬೇಸರಿಸದೆ ಹೇಳಿದರು. ಆಮೇಲೆ ನಾನು ಸಹಿ ಹಾಕಿದೆ. ನನ್ನ ಹೆಸರಿನ ಕೆಳಗೆ, ಅವರಿದ್ದಿದ್ದರೆ ಅವರು ಬರೆಯುತ್ತಿದ್ದ ಜಾಗದಲ್ಲಿ, ಅವಳು ತನ್ನ ಹೆಸರು ಬರೆದಳು. ಕುಲನಾಮ ಅದೇ, ಸ್ವಾರ್‌ಬ್ರಿಕ್.

ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. "ಬಾ ಅತ್ತಿಗೆ," ಎಂದು ನನ್ನ ತೋಳು ಹಿಡಿದಳು. ಸತ್ತವರಿಗಾಗಿ ಬೇಡುವ ತಿಂಗಳದು. ಚರ್ಚಿಗೆ ಹೋಗಿ ಒಂದೇ ಬೆಂಚಿನಲ್ಲಿ ಮೊಣಕಾಲೂರಿ ನಮ್ಮವರ ಹೆಸರು ಹೇಳಿ ಬೇಡಿಕೊಂಡೆವು. ಎದ್ದೇಳಲು ಅವಳೇ ಕೈ ಕೊಡಬೇಕಾಯಿತು.

ಕರುಣಾಳು ತಂದೆಯೇ, ನಿನ್ನ ದಾಸ ಕತ್‌ಬರ್ಟನನ್ನು ನಿನ್ನ ಮನೆಗೆ ಸೇರಿಸಿಕೋ. ಅವನ ತಪ್ಪುಗಳನ್ನು ಮನ್ನಿಸು. ಎಂದೂ ಆರದ ನಿನ್ನ ಬೆಳಕು ಅವನ ಮೇಲಿರಲಿ. ಅವನು ನಿನ್ನಲ್ಲಿ ನೆಮ್ಮದಿಯಾಗಿ ವಿಶ್ರಮಿಸಲಿ. ಆಮೆನ್.