ಅರ್ಧ ರೆಪ್ಪೆಯಷ್ಟು ತಡ

ಮೊದಲ ಮಹಡಿಯ ಆ ಸ್ಟುಡಿಯೊದಲ್ಲಿ ಕಂಪ್ಯೂಟರ್ ಪರದೆಯ ನೆತ್ತಿಗೆ ಒಂಬತ್ತು ವರ್ಷಗಳಿಂದ ಒಂದು ಕೆಂಪು ಚೀಟಿ ಅಂಟಿಕೊಂಡಿತ್ತು: 'ಅಪ್‌ಡೇಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.' ಬರೆದವರು ಯಜಮಾನರು. ಜಾಹೀರಾತಿಗೆ, ನಾಟಕಕ್ಕೆ, ರೇಡಿಯೊ ಕಾರ್ಯಕ್ರಮಕ್ಕೆ ಸಂಗೀತ ಮಾಡಿಕೊಡುವುದು ಅವರ ಕಸುಬು, ತಮ್ಮ ಕಂಪ್ಯೂಟರನ್ನು ಹೊಗಳುವುದು ಅವರ ಹವ್ಯಾಸ. "ಇದು ಆನೆ ಕಣ್ರೀ. ನಿಧಾನ, ಆದ್ರೆ ಎಡವಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆನೆ ಎದ್ದು ನಿಲ್ಲಲು ಬೆಳಿಗ್ಗೆ ಹದಿನೈದು ನಿಮಿಷ ಹಿಡಿಯುತ್ತಿತ್ತು. ಒಂಬತ್ತಕ್ಕೆ ಕೆಲಸ ಶುರುವಾಗಬೇಕೆಂದರೆ ಯಾರಾದರೂ ಎಂಟೂ ಮುಕ್ಕಾಲಿಗೇ ಬಂದು ಗುಂಡಿ ಒತ್ತಬೇಕಿತ್ತು. ಆ ಯಾರಾದರೂ ಯಾವತ್ತೂ ಒಬ್ಬನೇ ಆಗಿದ್ದ. ಅವನೇ ಡ್ರಮ್ ಬಾರಿಸುವ ಗಡಿಯಾರ.

ಗಡಿಯಾರ ಅವನ ಹೆಸರಲ್ಲ, ಬಿರುದು. ಅವನ ಏಟು ತಾಳದ ಮೇಲೆ ಬಿದ್ದರೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂದು ಹಾಡುವವರೇ ಕೊಟ್ಟದ್ದು. ಐವತ್ತನಾಲ್ಕು ವರ್ಷದ, ಸ್ವಂತ ಮನೆಯೂ ಸ್ವಂತ ವಾಹನವೂ ಇಲ್ಲದ ಆ ಮನುಷ್ಯನಿಗೆ ಇದ್ದ ಆಸ್ತಿ ಅದೊಂದೇ. ಅದರ ಬಗ್ಗೆ ಅವನಿಗೆ ಸಾಕಷ್ಟು ಜಂಬವೂ ಇತ್ತು. ಬಸ್ಸು ತಡವಾಗಿ ಬಂದರೆ ಚಾಲಕನನ್ನು ಮೇಲಿಂದ ಕೆಳಗೆ ನೋಡಿ ಹತ್ತುತ್ತಿದ್ದ.

ಅವನು ಬಾರಿಸುತ್ತಿದ್ದುದು ನಿಜವಾದ ಡ್ರಮ್ಮನ್ನೇನೂ ಅಲ್ಲ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಇದ್ದರು. ಮೇಲೆ ಡ್ರಮ್ ಗುಡುಗಿದಾಗ ತಮ್ಮ ಕೈ ಅಲ್ಲಾಡಿ ಯಾರದಾದರೂ ಒಳ್ಳೆಯ ಹಲ್ಲು ಕಿತ್ತುಬಂದರೆ ಹೊಣೆ ಯಾರು ಎಂದು ಅವರು ಸ್ಟುಡಿಯೊ ಶುರುವಾದ ವಾರವೇ ಮೆಟ್ಟಿಲು ಹತ್ತಿ ಬಂದು ಕೇಳಿದ್ದರು. ಅಂದಿನಿಂದ ಡ್ರಮ್ಮುಗಳು ಮೂಲೆ ಸೇರಿ, ಮೇಜಿನ ಮೇಲೆ ಒಂದು ರಬ್ಬರ್ ಪ್ಯಾಡ್ ಬಂತು. ಅದಕ್ಕೆ ಕೋಲಿನಿಂದ ಹೊಡೆದರೆ ಹೊರಗೆ ಬರೀ ದಪ್ ಎನ್ನುತ್ತಿತ್ತು. ಡ್ರಮ್ಮಿನ ಸದ್ದನ್ನು ಕಂಪ್ಯೂಟರ್ ಒಳಗೊಳಗೇ ತಯಾರಿಸಿ ಹೆಡ್‌ಫೋನಿಗೆ ಕಳಿಸುತ್ತಿತ್ತು. ಗಡಿಯಾರ ಮೂಗು ಮುರಿದ, ಆಮೇಲೆ ಒಗ್ಗಿಕೊಂಡ.

ಎಲ್ಲ ಕೆಟ್ಟದ್ದು ಪಿಟೀಲುಗಳಿಂದ. ನೂರು ಪಿಟೀಲು ಒಟ್ಟಿಗೆ ನುಡಿದಂತೆ ಕೇಳಿಸುವ ಹೊಸದೊಂದು ಸಾಫ್ಟ್‌ವೇರನ್ನು ಯಜಮಾನರು ಆಸೆಪಟ್ಟು ತಂದರೆ, ಅದು ಆನೆಯ ಮೇಲೆ ಕೂರಲು ಒಪ್ಪಲಿಲ್ಲ. 'ನಿಮ್ಮ ಆಪರೇಟಿಂಗ್ ಸಿಸ್ಟಮ್ ತೀರಾ ಹಳೆಯದು' ಎಂದು ಪರದೆಯ ಮೇಲೆ, ಅದೂ ಗಿರಾಕಿಗಳ ಎದುರಿಗೆ, ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿತು. ಯಜಮಾನರ ಕಿವಿ ಕೆಂಪಗಾಯಿತು.

ಅಲ್ಲಿಂದ ಮೂರು ವಾರ ಸ್ಟುಡಿಯೊದಲ್ಲಿ ಒಂದು ರಾಗವೂ ಹುಟ್ಟಲಿಲ್ಲ. ಹುಟ್ಟಿದ್ದು ಪಂಥಗಳು. ಹಾಡು ಬರೆದುಕೊಡುವವನದು ಹಣ್ಣಿನ ಗುರುತಿನ ಕಂಪ್ಯೂಟರಿನ ಪಂಥ. ಸಂಗೀತ ಮಾಡುವವರು ಬೇರೆಯದನ್ನು ಮುಟ್ಟುವುದೇ ಪಾಪ ಎಂಬುದು ಅವನ ವಾದ, ಅವನು ಬರೆಯುತ್ತಿದ್ದುದು ಮಾತ್ರ ಪೆನ್ಸಿಲಿನಲ್ಲಿ. ಗಿಟಾರಿನವನದು ಪುಕ್ಕಟೆ ಪಂಥ. ಯಾರಪ್ಪನ ಹಂಗೂ ಇಲ್ಲದ ಸಿಸ್ಟಮ್ ಇದೆ, ಎಲ್ಲವನ್ನೂ ನಾವೇ ತಿದ್ದಿಕೊಳ್ಳಬಹುದು ಎಂದು ಅವನು ಕಣ್ಣು ಅರಳಿಸಿ ಹೇಳುತ್ತಿದ್ದ. ತನ್ನ ಗಿಟಾರಿನ ತಂತಿ ತಿದ್ದಿಕೊಳ್ಳಲು ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಯಜಮಾನರು ಎಲ್ಲರ ಮಾತಿಗೂ ತಲೆಯಾಡಿಸಿದರು, ನಲವತ್ತು ವಿಡಿಯೊ ನೋಡಿದರು, ಕೊನೆಗೆ ಹೆಂಡತಿಯ ತಮ್ಮ ಹೇಳಿದ್ದನ್ನು ಮಾಡಿದರು. ಮನೆಯಲ್ಲಿ ಊಟ ನೆಟ್ಟಗೆ ಸಿಗಬೇಕಲ್ಲ.

ಈ ಭಾಮೈದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಟೈಪಿಂಗ್ ಹೇಳಿಕೊಡುವವನು. ಸಂಗೀತ ಅವನ ಕಿವಿಯ ಹತ್ತಿರವೂ ಸುಳಿದಿರಲಿಲ್ಲ. "ಭಾವ, ಇರೋ ಸಿಸ್ಟಮ್ಮಿನದೇ ಹೊಸ ಆವೃತ್ತಿ ಹಾಕೋಣ, ಹೊಸ ಪೆಟ್ಟಿಗೆಗೆ. ಬೆಳಕಿನ ವೇಗದಲ್ಲಿ ಓಡುತ್ತೆ" ಎಂದ. ಒಂದು ಭಾನುವಾರ ಹೊಸದನ್ನು ತಂದು ಕೂರಿಸಿ, ಆನೆಯನ್ನು ಬಿಚ್ಚಿ ತನ್ನ ಸ್ಕೂಟರಿನಲ್ಲಿ ಹೊತ್ತೊಯ್ದ. ಕೆಂಪು ಚೀಟಿ ಕಸದ ಬುಟ್ಟಿಗೆ ಹೋಯಿತು.

ಸೋಮವಾರ ಗಡಿಯಾರ ಎಂದಿನಂತೆ ಎಂಟೂ ಮುಕ್ಕಾಲಿಗೆ ಬಂದು ಗುಂಡಿ ಒತ್ತಿದರೆ, ಕಂಪ್ಯೂಟರ್ ಅವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಎದ್ದು ಕೂತಿತು. ಉಳಿದ ಹದಿನೈದು ನಿಮಿಷ ಏನು ಮಾಡಬೇಕೆಂದು ತಿಳಿಯದೆ ಅವನು ಕಿಟಕಿಯ ಸರಳು ಒರೆಸಿದ.

ಅಂದು ಮಕ್ಕಳ ನಾಟಕವೊಂದರ ಹಾಡು. ಆ ತಂಡ ನಡೆಸುವಾಕೆಯನ್ನು ಎಲ್ಲರೂ ನಾಟಕದಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷಗಳಿಂದ ಅವಳ ಎಲ್ಲ ನಾಟಕಗಳಿಗೂ ಇಲ್ಲಿಯದೇ ಸಂಗೀತ. ಯಜಮಾನರು ಹಾಡು ಹಚ್ಚಿದರು, ಗಡಿಯಾರ ಹೆಡ್‌ಫೋನ್ ಏರಿಸಿ ಕೋಲು ಎತ್ತಿದ. ನಾಲ್ಕು ಏಟು ಬೀಳುವಷ್ಟರಲ್ಲಿ ಯಜಮಾನರು ಕೈ ಎತ್ತಿದರು.

"ಏನ್ರೀ, ಮುಂದೆ ಓಡ್ತಿದ್ದೀರಿ?"

ಅವನಿಗೂ ಕೇಳಿಸಿತ್ತು. ಪ್ರತಿ ಏಟೂ ತಾಳಕ್ಕಿಂತ ಒಂದಿಷ್ಟು ಮೊದಲೇ ಬೀಳುತ್ತಿತ್ತು. ಮತ್ತೆ ಹೊಡೆದ, ಮತ್ತೆ ಹಾಗೆಯೇ. ಕೈ ಬಿಗಿಹಿಡಿದು ಹೊಡೆದರೆ ಒಂದು ಏಟು ಮುಂದೆ, ಒಂದು ಹಿಂದೆ. ದಿನಾ ಇಳಿಯುವ ಮೆಟ್ಟಿಲನ್ನು ಎಣಿಸುತ್ತಾ ಇಳಿದರೆ ಕಾಲು ತಪ್ಪುತ್ತದಲ್ಲ, ಹಾಗಾಯಿತು. ಹನ್ನೊಂದು ಸಲ ನುಡಿಸಿದ ಮೇಲೆ ಭಾಮೈದ ಪರದೆಗೆ ಬೆರಳಿಟ್ಟು ತೋರಿಸಿದ. "ನೋಡಿ ಭಾವ, ತಾಳದ ಗೆರೆ ಇಲ್ಲಿದೆ, ಇವರ ಏಟು ಇಲ್ಲಿದೆ. ಹಳೇ ಸಿಸ್ಟಮ್ಮಲ್ಲಿ ಇದೆಲ್ಲಾ ಮುಚ್ಚಿಹೋಗ್ತಿತ್ತು. ಹೊಸದು ಸುಳ್ಳು ಹೇಳಲ್ಲ."

ಯಜಮಾನರು ಧ್ವನಿಯಲ್ಲಿ ಕರುಣೆ ತುಂಬಿಕೊಂಡರು. ಕರುಣೆ ತೋರಿಸುವಾಗ ಅವರು ಕನ್ನಡಕ ತೆಗೆಯುತ್ತಿದ್ದರು. "ವಯಸ್ಸು ಯಾರನ್ನೂ ಬಿಡಲ್ಲ. ಸ್ವಲ್ಪ ದಿನ ಆರಾಮಾಗಿರಿ. ತಾಳ ಕಂಪ್ಯೂಟರೇ ಹಾಕುತ್ತೆ."

ಗಿಟಾರಿನವನು ತಂತಿ ನೋಡಿಕೊಂಡ. ಗಡಿಯಾರದ ಕೀಲಿ ಸಡಿಲವಾಯಿತು ಎಂದು ಹಾಡು ಬರೆಯುವವನು ಸಂಜೆಯೊಳಗೆ ನಾಲ್ಕು ಸ್ಟುಡಿಯೊಗಳಲ್ಲಿ ಹೇಳಿಬಂದ. ಅವನ ಹಾಡುಗಳು ಯಾವತ್ತೂ ಅಷ್ಟು ಬೇಗ ಊರು ಸುತ್ತಿದ್ದಿಲ್ಲ.

ಮನೆಗೆ ಬಂದ ಗಡಿಯಾರ ಚಪ್ಪಲಿ ಬಿಡುವುದನ್ನೂ ಮರೆತು ಕೂತ. ಹೆಂಡತಿ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ತನ್ನ ತಾಳ ತಪ್ಪುತ್ತಿದೆಯಂತೆ ಎಂದು ಅವನು ಹೇಳಿದ್ದೇ ತಡ, ಅವಳು ಒಂದು ಖಾಲಿ ಡಬ್ಬವನ್ನು ಅವನ ಮುಂದೆ ಬೋರಲು ಹಾಕಿ, "ನನ್ನ ಮೆಷಿನ್ನಿನ ಜೊತೆ ಬಾರಿಸಿ, ನೋಡೋಣ" ಎಂದಳು. ಹೊಲಿಗೆ ಮೆಷಿನ್ನು ಟಕಟಕ ಓಡಿತು, ಡಬ್ಬ ಅದರ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿತು. ಒಂದು ಏಟೂ ತಪ್ಪಲಿಲ್ಲ.

"ಸರಿಯಾಗೇ ಇದೆಯಲ್ರೀ!"

"ಇಲ್ಲಿ ಸರಿ ಇದೆ. ಅಲ್ಲಿ ಆ ಪ್ಯಾಡ್ ಮುಂದೆ ಕೂತ್ರೆ ಕೈ ಮುಂದಕ್ಕೆ ಓಡುತ್ತೆ. ನನ್ನ ಕಥೆ ಮುಗೀತು ಬಿಡು."

ಅವಳು ಬಾಯಲ್ಲಿದ್ದ ದಾರ ಕಡಿದಳು. "ಅಲ್ಲೇನಾದ್ರೂ ಬದಲಾಯಿಸಿದ್ರಾ?"

ಅವನು ಆನೆಯ ಕಥೆ ಹೇಳಿದ. ಕೇಳುತ್ತಾ ಕೇಳುತ್ತಾ ಅವಳಿಗೆ ನಗು ಬಂತು. "ಹೋದ ವರ್ಷ ನನ್ನ ಮೆಷಿನ್ನಿನ ಮೋಟಾರ್ ಬದಲಾಯಿಸಿದ್ವಲ್ಲ, ನೆನಪಿದೆಯಾ? ಹಳೇ ಮೋಟಾರು ನಾನು ಕಾಲು ತೆಗೆದ ಮೇಲೂ ನಾಲ್ಕು ಹೊಲಿಗೆ ಓಡ್ತಿತ್ತು. ಅದಕ್ಕೇ ಅಂಚು ಇನ್ನೂ ದೂರ ಇರುವಾಗ್ಲೇ ನಾನು ಕಾಲು ತೆಗೀತಿದ್ದೆ. ಹೊಸದು ಬಂದ ದಿನ ಎಲ್ಲಾ ಜೇಬಿನ ಹೊಲಿಗೇನೂ ಅಂಚು ಮುಟ್ಟೋಕೆ ಮೊದಲೇ ನಿಂತ್ಬಿಡ್ತು. ಆವತ್ತು ನನ್ನ ಕಾಲು ಕೆಟ್ಟಿತ್ತಾ?"

ಗಡಿಯಾರ ಎದ್ದು ನಿಂತ. ಆ ಹಳೆಯ ಕಂಪ್ಯೂಟರ್ ಪ್ಯಾಡಿಗೆ ಏಟು ಬಿದ್ದ ಮೇಲೆ, ರೆಪ್ಪೆ ಬಡಿಯುವ ಹೊತ್ತಿನಲ್ಲಿ ಅರ್ಧದಷ್ಟು ತಡಮಾಡಿ ಸದ್ದು ಕೊಡುತ್ತಿತ್ತು. ಸದ್ದು ತಾಳಕ್ಕೆ ಕೂರಲಿ ಎಂದು ಅವನ ಕೈ ತನ್ನಷ್ಟಕ್ಕೆ ತಾನೇ ಅರ್ಧ ರೆಪ್ಪೆಯಷ್ಟು ಮುಂಚೆ ಹೊಡೆಯುವುದನ್ನು ಕಲಿತಿತ್ತು. ಒಂಬತ್ತು ವರ್ಷ ಅವನು ಆ ಪೆಟ್ಟಿಗೆಯ ಸೋಮಾರಿತನವನ್ನು ಏಟು ಏಟಿಗೂ ತಿದ್ದಿದ್ದ, ತನಗೇ ಗೊತ್ತಿಲ್ಲದೆ. ಈಗ ತಡ ಹೋಗಿತ್ತು, ಕೈಯ ರೂಢಿ ಉಳಿದಿತ್ತು. ಅವನಿಗೆ ಮೊದಲು ನಗು ಬಂತು. ಆಮೇಲೆ ಆನೆ ಎಡವಲ್ಲ ಎಂಬ ಮಾತು ನೆನಪಾಗಿ ಸಿಟ್ಟು ನೆತ್ತಿಗೇರಿತು.

ಮರುದಿನ ಹೋಗಿ ಯಜಮಾನರಿಗೆ ಬಿಡಿಸಿ ಹೇಳಿದ. ಅವರು ಅರ್ಧ ಕೇಳಿಯೇ ಕನ್ನಡಕ ತೆಗೆದರು. "ಹಂಗಾದ್ರೆ ಒಂಬತ್ತು ವರ್ಷ ನನ್ನ ಕಂಪ್ಯೂಟರ್ ತಪ್ಪು, ನೀವು ಸರಿ ಅಂತೀರಾ?"

"ಹೌದು ಸರ್."

"ಹೊಲಿಗೆ ಮೆಷಿನ್ ಲೆಕ್ಕ ತಂದು ನಂಗೆ ಸಂಗೀತ ಹೇಳಿಕೊಡ್ತೀರಾ?"

ಭಾಮೈದ ಕಿಸಕ್ಕನೆ ನಕ್ಕ. ಗಡಿಯಾರ ಒಂದೇ ಒಂದು ಕೇಳಿದ, ಆ ರಬ್ಬರ್ ಪ್ಯಾಡನ್ನೂ ಹಳೆಯ ಹೆಡ್‌ಫೋನನ್ನೂ ಒಂದೆರಡು ವಾರ ಮನೆಗೆ ಒಯ್ಯಲೇ ಎಂದು. ಹೇಗೂ ಕಂಪ್ಯೂಟರೇ ತಾಳ ಹಾಕುತ್ತಿತ್ತು. ಯಜಮಾನರು ಕೈ ಬೀಸಿ ಒಯ್ಯಿರಿ ಎಂದರು.

ಆ ಎರಡು ವಾರ ಅವರ ಮನೆಯ ಮುಂದೆ ಹಾದುಹೋದವರು ಒಂದು ವಿಚಿತ್ರ ಕಂಡರು. ಕಿಟಕಿಯ ಒಳಗೆ ಒಬ್ಬಳು ಸಮವಸ್ತ್ರ ಹೊಲಿಯುತ್ತಿದ್ದಳು. ಎದುರಿಗೆ ಒಬ್ಬ ಹೆಡ್‌ಫೋನ್ ಕುತ್ತಿಗೆಗೆ ಇಳಿಬಿಟ್ಟುಕೊಂಡು ರಬ್ಬರ್ ತುಂಡಿಗೆ ದಪ್ ದಪ್ ಹೊಡೆಯುತ್ತಿದ್ದ. ಹೆಡ್‌ಫೋನಿನ ವಯರು ಎಲ್ಲಿಗೂ ಸಿಕ್ಕಿಸದೆ ನೆಲದ ಮೇಲೆ ಬಿದ್ದಿರುತ್ತಿತ್ತು. ಪ್ಯಾಡ್ ಕಂಡ ಕೂಡಲೇ ಮುಂದೋಡುವ ಕೈಗೆ, ಹೆಂಡತಿಯ ಮೆಷಿನ್ನಿನ ತಾಳದಲ್ಲಿ, ಅವನು ಹೊಸದಾಗಿ ಅಕ್ಷರಾಭ್ಯಾಸ ಮಾಡಿಸುತ್ತಿದ್ದ. "ಮುಂಚೆ ಬಂದ್ರಿ" ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು. ಮೊದಲ ದಿನ ನೂರು ಸಲ ಹೇಳಿರಬೇಕು, ಹದಿಮೂರನೆಯ ದಿನ ಒಂದು ಸಲವೂ ಹೇಳಲಿಲ್ಲ. ಐವತ್ತನಾಲ್ಕರಲ್ಲಿ ಕೈ ತಿದ್ದಿಕೊಳ್ಳುವುದು ಸುಲಭವಲ್ಲ. ರಾತ್ರಿ ಊಟಕ್ಕೆ ಕೂತರೆ ಬೆರಳು ಮಡಚಲು ಬರುತ್ತಿರಲಿಲ್ಲ.

ಹದಿನೈದನೆಯ ದಿನ ಯಜಮಾನರ ಫೋನ್ ಬಂತು. ಕಂಪ್ಯೂಟರ್ ಹಾಕಿದ ತಾಳವನ್ನು ನಾಟಕದಕ್ಕ ಎರಡು ಸಲ ವಾಪಸ್ಸು ಕಳಿಸಿದ್ದಳು. "ಮಕ್ಕಳು ಇದಕ್ಕೆ ಕುಣೀತಿಲ್ಲ, ವ್ಯಾಯಾಮ ಮಾಡ್ತಿವೆ. ಗಡಿಯಾರ ಎಲ್ಲಿ?" ಎಂದು ಕೇಳಿದ್ದಳು.

ಅವನು ಪ್ಯಾಡ್ ಹೊತ್ತು ಸ್ಟುಡಿಯೊ ಮುಟ್ಟಿದಾಗ ನಾಟಕದಕ್ಕ ಅಲ್ಲೇ ಇದ್ದಳು. ಅವಳೆದುರು ಯಜಮಾನರ ಔದಾರ್ಯ ಉಕ್ಕಿ ಹರಿಯಿತು.

"ಬನ್ನಿ, ಬನ್ನಿ. ನಿಮಗೋಸ್ಕರ ಸಿಸ್ಟಮ್ಮನ್ನೇ ನಿಧಾನ ಮಾಡಿಸಿದ್ದೀನಿ. ನಮ್ಮ ಭಾಮೈದನ ಐಡಿಯಾ. ಏಟು ಬಿದ್ದ ಮೇಲೆ ಸ್ವಲ್ಪ ತಡವಾಗಿ ಸದ್ದು ಬರೋ ಹಾಗೆ ಒಂದು ಸಂಖ್ಯೆ ಹಾಕಿದ್ದಾನೆ, ನಲವತ್ತು. ಹಳಬರು, ಕೈ ಬಿಡೋಕಾಗಲ್ಲ ನೋಡಿ."

ಭಾಮೈದ ತಾನೇ ಕಂಡುಹಿಡಿದವನಂತೆ ಮೀಸೆಯಡಿ ನಕ್ಕ. ಗಡಿಯಾರ ಕೂತು ಕೋಲು ಎತ್ತಿದ. ನಾಲ್ಕು ಏಟು ಬಿದ್ದವು. ನಾಲ್ಕೂ ತಾಳದ ಹಿಂದೆ ಬಿದ್ದವು.

"ಅಯ್ಯೋ! ಆಗ ಮುಂದೆ ಓಡಿದ್ರಿ, ಈಗ ಹಿಂದೆ ಉಳೀತಿದ್ದೀರಿ!" ಯಜಮಾನರು ನಾಟಕದಕ್ಕನ ಕಡೆ ತಿರುಗಿ ತಲೆಯಾಡಿಸಿದರು. "ನಾನು ಹೇಳ್ಲಿಲ್ವಾ ಅಕ್ಕಾ, ವಯಸ್ಸು."

ಹಳೆಯ ತಡವೇ ಮರಳಿ ಬಂದಿದೆ ಎಂದು ಗಡಿಯಾರನಿಗೆ ಗೊತ್ತಾಯಿತು. ಅರ್ಧ ರೆಪ್ಪೆಯಷ್ಟು ಮುಂಚೆ ಹೊಡೆದರೆ ಮುಗಿಯಿತು, ಒಂಬತ್ತು ವರ್ಷದ ರೂಢಿ ಬಾಗಿಲಲ್ಲೇ ಕಾದು ನಿಂತಿತ್ತು. ಒಂದು ಕ್ಷಣ ಅವನಿಗೆ ಹಾಗೇ ಮಾಡಿಬಿಡೋಣ ಅನ್ನಿಸಿತು. ಬಿರುದು ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ, ಸಾಯುವವರೆಗೂ ಈ ಪೆಟ್ಟಿಗೆಯ ತಪ್ಪನ್ನು ತಾನೇ ಹೊತ್ತುಕೊಂಡು ತಿರುಗಿದರಾಯಿತು. ಅವನು ಕೋಲು ಕೆಳಗಿಟ್ಟ.

"ಆ ನಲವತ್ತನ್ನ ಸೊನ್ನೆ ಮಾಡಪ್ಪ."

"ಸೊನ್ನೆ ಮಾಡಿದ್ರೆ ಮತ್ತೆ ಮುಂದೆ ಓಡ್ತೀರಿ" ಎಂದ ಭಾಮೈದ.

"ಮಾಡು."

ನಾಟಕದಕ್ಕ ಮೊದಲ ಸಲ ಬಾಯಿ ತೆರೆದಳು. "ಮಾಡಿ ನೋಡಿ, ಗಂಟೇನು ಹೋಗುತ್ತೆ?"

ಸೊನ್ನೆಯಾಯಿತು. ಗಡಿಯಾರ ಕಣ್ಣು ಮುಚ್ಚಿ ಹೆಂಡತಿಯ ಮೆಷಿನ್ನನ್ನು ನೆನೆದ, ಹೊಡೆದ. ಹಾಡು ಮುಗಿಯುವವರೆಗೂ ಭಾಮೈದ ಪರದೆಯಲ್ಲಿ ಏಟನ್ನೂ ಗೆರೆಯನ್ನೂ ಬೇರೆ ಮಾಡಿ ನೋಡಲು ಹೆಣಗಾಡುತ್ತಿದ್ದ. ನಾಟಕದಕ್ಕನ ಪಾದ ನೆಲ ತಟ್ಟುತ್ತಿತ್ತು.

ಕೊನೆಯ ಏಟು ನಿಂತ ಕೂಡಲೇ ಯಜಮಾನರು ಎದ್ದು ಹೊಸ ಕಂಪ್ಯೂಟರಿನ ಬೆನ್ನು ತಟ್ಟಿದರು. "ನೋಡಿದ್ರಾ ಅಕ್ಕಾ, ಅಪ್‌ಗ್ರೇಡ್ ಮಾಡಿದ್ದಕ್ಕೆ ತಾಳ ಹೇಗೆ ಕೂತಿದೆ!"

"ಹಳೇ ನಾಟಕಗಳಲ್ಲೂ ಹೀಗೇ ಕೂತಿತ್ತಲ್ಲ" ಎಂದಳು ಅವಳು. "ಹಂಗಾದ್ರೆ ಇಷ್ಟೆಲ್ಲಾ ಮಾಡಿ ಬದಲಾಗಿದ್ದೇನು?"

ಯಜಮಾನರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮಾತು ತಿರುಗಿಸಲು ಗಡಿಯಾರನ ಕಡೆ ನೋಡಿ, "ನಾಳೆ ಇನ್ನೊಂದು ಹಾಡಿದೆ. ಒಂಬತ್ತಕ್ಕೆ ಶುರು. ನೀವು ಎಂದಿನ ಹಾಗೆ ಎಂಟೂ ಮುಕ್ಕಾಲಿಗೆ ಬಂದು ಕಂಪ್ಯೂಟರ್ ಆನ್ ಮಾಡಿಟ್ಟಿರಿ" ಎಂದರು.

ಗಡಿಯಾರ ಹೆಡ್‌ಫೋನ್ ಇಳಿಸಿ, ವಯರು ಸುತ್ತಿ, ಮೇಜಿನ ಮೇಲೆ ನೆಟ್ಟಗಿಟ್ಟ.

"ಒಂಬತ್ತು ಅಂದ್ರೆ ಒಂಬತ್ತಕ್ಕೇ ಬರ್ತೀನಿ ಸರ್. ಮುಂಚೆ ಬರೋ ಅಭ್ಯಾಸ ಬಿಟ್ಟುಬಿಟ್ಟೆ."