ತಪ್ಪಿನ ಸಾಲನ್ನು ಓದುವ ಕಮರುದ್ದೀನ

ಕೇಶ್ವಾಪುರದ ತಮ್ಮ ಅಂಗಡಿಯಲ್ಲಿ ಕಮರುದ್ದೀನ ಒಂದೇ ಒಂದು ಶಬ್ದಕ್ಕೆ ಪ್ರವೇಶ ನಿಷೇಧಿಸಿದ್ದರು. ಕೆಟ್ಟ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದವರು "ಫಾರ್ಮ್ಯಾಟ್ ಹೊಡದು ಕೊಡ್ರಿ" ಎಂದರೆ ಸಾಕು, ಅದುವರೆಗೂ ಸೌಜನ್ಯದ ಮೂರ್ತಿಯಂತಿದ್ದ ಆ ಮನುಷ್ಯ ಹುಬ್ಬು ಗಂಟಿಕ್ಕಿ, "ಎಲ್ಲಾ ಅಳಿಸಿ ಹೊಸಾದು ಹಾಕೂದು ರಿಪೇರಿ ಅಲ್ರಿ, ಮುಂದಿನ ಅಂಗಡಿಗೆ ಹೋಗ್ರಿ" ಎಂದು ಬಾಗಿಲು ತೋರಿಸಿಬಿಡುತ್ತಿದ್ದರು.

ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ ಅದು. ತೊಂಬತ್ತರ ದಶಕದ ಕೊನೆಗೆ ರೇಡಿಯೋಗಳು ಬರುವುದು ನಿಂತಾಗ, ಯಾವುದೋ ಮಾಸಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸಿ.ಡಿ.ಯೊಂದರಿಂದ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡು, ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತ, ಐವತ್ತರ ವಯಸ್ಸಿನಲ್ಲಿ ಎರಡನೆಯ ವಿದ್ಯೆ ಸಂಪಾದಿಸಿದರು. ಕಡುಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು. ಅದರ ಜೇಬುಗಳಲ್ಲಿ ಕಡಕಡ ಎನ್ನುವ ಸಿ.ಡಿ.ಗಳು. ಬಲಗಾಲು ತುಸು ಎಳೆಯುತ್ತಿದ್ದರೂ ಯಂತ್ರವೊಂದು ವಿಚಿತ್ರವಾಗಿ ಕೆಟ್ಟಿದೆಯೆಂಬ ಸುದ್ದಿ ಕಿವಿಗೆ ಬಿದ್ದರೆ ಅವರ ನಡಿಗೆಗೆ ಮದುವೆಮನೆಗೆ ಹೊರಟವರ ಸಂಭ್ರಮ ಬರುತ್ತಿತ್ತು.

ಅದೇ ಸಂಭ್ರಮದಿಂದ ಅವರು ೨೦೦೭ರ ಒಂದು ಸೋಮವಾರ ಮಧ್ಯಾಹ್ನ ನವನಗರದ ಸುಮಲತಾಳ ಮನೆಗೆ ಬಂದರು. ಕಾಲೇಜಿನಲ್ಲಿ ಕನ್ನಡ ಕಲಿಸುವ ಸುಮಲತಾ ಆರು ವರ್ಷಗಳಿಂದ ಕಂಬಳಿ ನೇಯುವವರ ಮಾತುಗಳನ್ನು ಸಂಗ್ರಹಿಸುತ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲು ಹೇಳಿದವಳು ಅವಳ ದೊಡ್ಡವ್ವ ಬೀರವ್ವ. ಹೇಳಿದವಳು ಹಿಂದಿನ ವರ್ಷವೇ ತೀರಿಹೋಗಿದ್ದಳು. ಸಂಜೆ ಐದಕ್ಕೆ ಮುದ್ರಣಾಲಯದವರು ಪುಸ್ತಕದ ಪುಟಗಳನ್ನು ಒಯ್ಯಲು ಬರುವವರಿದ್ದರು. ಬೆಳಿಗ್ಗೆ ಲಿನಕ್ಸ್ ಇದ್ದ ತನ್ನ ಕಂಪ್ಯೂಟರಿನ ಪರದೆಯ ಮೇಲೆ ತಂತ್ರಾಂಶಗಳ ಹೊಸ ಆವೃತ್ತಿಗಳು ಬಂದಿವೆಯೆಂಬ ಸೂಚನೆ ಕಂಡು ಸುಮಲತಾ ಒಪ್ಪಿಗೆ ಒತ್ತಿದ್ದಳು. ಅರ್ಧ ಕೆಲಸವಾಗುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಅವಳ ಬಳಿ ಬೇರೆಯಾಗಿ ಉಳಿದಿದ್ದ ಪುಸ್ತಕದ ಪ್ರತಿಯೋ, ಎರಡು ವರ್ಷ ಹಳೆಯದು.

ಕಮರುದ್ದೀನ ಕೀಲಿಮಣೆ ಮುಟ್ಟಲಿಲ್ಲ. "ನಡದದ್ದು ನಡದಂಗ ಹೇಳ್ರಿ ಅಕ್ಕಾರ. ಮುಚ್ಚಿಡಬ್ಯಾಡ್ರಿ" ಎಂದರು. ಅವಳು ಹೇಳಿ ಮುಗಿಸಿದಾಗ ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಹೊಸಾದು ಅರ್ಧಾ ಬಂದೈತಿ, ಹಳೇದು ಇನ್ನೂ ಮನಿ ಬಿಟ್ಟಿಲ್ಲ. ಹಳೇದರ ಕೈ ಹಿಡಿಯೂಣು."

ಯಂತ್ರ ಶುರುವಾಗುವಾಗ ಕಾಣುವ ಪಟ್ಟಿಯಲ್ಲಿ ಹಿಂದಿನ ಆವೃತ್ತಿಯನ್ನು ಆರಿಸಿದರು. ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಸುರಿದವು. ಚಿತ್ರವಿಲ್ಲ, ಬಣ್ಣವಿಲ್ಲ, ಆದರೆ ಯಂತ್ರ ಮಾತಾಡುತ್ತಿತ್ತು. ಮೊದಲು ಅವಳ ಕಡತವನ್ನು ಪೆನ್ ಡ್ರೈವಿಗೆ ಇಳಿಸಿ ಕೈಗಿಟ್ಟರು. "ದೊಡ್ಡವ್ವನ ಮಾತು ಇದರಾಗ ಅದಾವ. ಭದ್ರ ಇಟ್ಕೋರಿ."

ಸುಮಲತಾಳ ಎದೆಯ ಭಾರ ಇಳಿಯಿತು. "ಹಂಗಾರ ಇನ್ನ ಫಾರ್..." ಎಂದವಳು ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಕಾಕಾ ಎಂದೇ ಕರೆಯುವ ಕಮರುದ್ದೀನ ಕೇಳಿಸಲಿಲ್ಲವೆಂಬಂತೆ ಕೋಟಿನ ತೋಳು ಮೇಲೇರಿಸಿದರು.

ಅರ್ಧಕ್ಕೆ ನಿಂತದ್ದನ್ನು ಪೂರೈಸೆಂದು ಯಂತ್ರಕ್ಕೆ ಆಜ್ಞೆ ಕೊಟ್ಟರು. ಒಂದರ ಹಿಂದೊಂದು ಪ್ಯಾಕೇಜು, ಎಂದರೆ ತಂತ್ರಾಂಶದ ಕಟ್ಟು, ಸರಿಹೋಗುತ್ತ ಸಾಲುಗಳು ಓಡಿದವು, ಓಡಿ ಓಡಿ ಒಂದು ಕಡೆ ಗಕ್ಕನೆ ನಿಂತವು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕಮರುದ್ದೀನ ಗಟ್ಟಿಯಾಗಿ, ಪರವೂರಿನಿಂದ ಬಂದ ಬಂಧುವಿನ ಪತ್ರ ಓದುವವರಂತೆ ಓದಿದರು. ಕನ್ನಡ ಅಕ್ಷರಗಳ ಹೊಸ ಪ್ಯಾಕೇಜು ಒಂದು ಕಡತವನ್ನು ಇಡಲು ಹೊರಟ ಜಾಗದಲ್ಲಿ ಅದೇ ಹೆಸರಿನ ಕಡತವನ್ನು ಬೇರೊಂದು ಪ್ಯಾಕೇಜು ಆಗಲೇ ಇಟ್ಟು ಕೂತಿತ್ತು.

"ಇದನ್ನ ತಂದವರು ಯಾರ್ರಿ?"

ಸುಮಲತಾ ಮುಖ ಕೆಂಪಾಗಿಸಿಕೊಂಡಳು. "ನಾನ ಕಾಕಾ. ಹೋದ ವರ್ಷ ಯಾರದೋ ಸಿ.ಡಿ. ತಂದು ಹಾಕಿದ್ದೆ."

"ಶಾಬಾಸ್!" ಕಾಕಾ ತೊಡೆ ತಟ್ಟಿ ಎದ್ದೇ ನಿಂತರು. "ಸಿಕ್ತು ನೋಡ್ರಿ! ತಪ್ಪು ಒಪ್ಪಿಕೊಂಡ್ರಲ್ಲ, ಅರ್ಧಾ ಕೆಲಸ ಆತು!"

ಆ ಸಿ.ಡಿ.ಯಿಂದ ಬಂದ ಹಳೆಯ ಅಕ್ಷರಗಳನ್ನು ತೆಗೆದರು, ಮತ್ತೆ ಆಜ್ಞೆ ಕೊಟ್ಟರು. ಈ ಸಲ ಸಾಲುಗಳು ತಡೆಯಿಲ್ಲದೆ ಹರಿದವು. ಇಬ್ಬರೂ ನಿಂತುಕೊಂಡೇ ನೋಡಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಯಂತ್ರ ಮತ್ತೆ ಶುರುವಾಗಿ ಬಣ್ಣದ ಪರದೆ ಅರಳಿತು. ಸುಮಲತಾ ಅರ್ಪಣೆಯ ಪುಟ ತೆರೆದಳು. ಇಷ್ಟು ದಿನ ಆ ಪುಟದಲ್ಲಿ ಬೀರವ್ವನ ಹೆಸರಿನ ಒತ್ತಕ್ಷರ ಪಕ್ಕಕ್ಕೆ ಸರಿದು ಅನಾಥವಾಗಿ ನಿಲ್ಲುತ್ತಿತ್ತು. ಯಾರ ಕಡೆ ಹೋದರೂ ಅದನ್ನು ಸರಿಪಡಿಸಿ ಕೊಟ್ಟವರಿರಲಿಲ್ಲ. ಈಗ ಹೊಸ ಅಕ್ಷರಗಳು ಬಂದ ಮೇಲೆ ಅದು ತನ್ನ ಅಕ್ಷರದ ಕೆಳಗೆ ನೆಟ್ಟಗೆ ಕೂತಿತ್ತು. "ಬೀರವ್ವ," ಎಂದು ಓದಿ ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಹೊರಗೆ ಮುದ್ರಣಾಲಯದವರ ಸ್ಕೂಟರು ಬಂದು ನಿಂತ ಸದ್ದಾಯಿತು.

ನಡುವೆ ನಿಂತುಹೋದ ಕೆಲಸ ಕಂಡರೆ ನಮ್ಮಲ್ಲಿ ಬಹುಮಂದಿಗೆ ಬೇಸರ ಹುಟ್ಟುತ್ತದೆ. ಅಳಿಸಿ ಮೊದಲಿನಿಂದ ಶುರುಮಾಡುವುದನ್ನೇ ಧೈರ್ಯವೆಂದು ಕರೆದುಕೊಳ್ಳುತ್ತೇವೆ. ಕಮರುದ್ದೀನರ ಬಗೆಯವರಿಗೆ ಮಾತ್ರ ಅಲ್ಲಿ ಹಸಿವು ಕೆರಳುತ್ತದೆ. ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿಂದ ತಪ್ಪಿತು ಎಂದು ವಿಚಾರಿಸುವ ಕುತೂಹಲ ಅವರಲ್ಲಿ ದಯೆಯಷ್ಟೇ ಆಳವಾದದ್ದು. ಅವರು ಮುಟ್ಟಿದ ಮೇಲೆ ಹಳೆಯದೂ ಉಳಿದಿರುತ್ತದೆ, ಹೊಸದಕ್ಕೂ ಜಾಗವಾಗಿರುತ್ತದೆ.