ಕುರ್ಚಿ ಕೆಲಸ

"ಸೊಂಟ ಬಗ್ಗಿಸ್ಬೇಡ್ರಪ್ಪಾ, ಮಂಡಿ ಬಗ್ಗಿಸಿ ಎತ್ತಿ," ಎಂದ ತಂಗಿಯ ಗಂಡ. ನಾಲ್ವರು ಸೇರಿ ತಂಗಿಯ ದೇಹವನ್ನು ಮಂಚದಿಂದ ಹಜಾರಕ್ಕೆ ಸಾಗಿಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಮೈ ಉರಿಯಿತು. ನಿದ್ದೆಯಲ್ಲೇ ಹೃದಯ ನಿಂತು ಹೋದವಳ ಮನೆಯಲ್ಲೂ ಮಾತು ಸೊಂಟದ್ದೇ.

"ಪಾಪ, ಆ ಕಾಲುನೋವು ಇಟ್ಕೊಂಡು ಹನ್ನೊಂದು ವರ್ಷ ಇಸ್ತ್ರಿ ಮೆಷಿನ್ ಮುಂದೆ ನಿಂತ್ಲು," ಎಂದಳು ನೆರೆಮನೆಯಾಕೆ. "ಟೀ ಕುಡಿಯೋದೂ ನಿಂತೇ. ‘ನಾನು ಕುದುರೆ ಜಾತಿ ಕಣ್ರೇ, ಇನ್ನು ನಿದ್ದೇನೂ ನಿಂತೇ’ ಅಂತ ನಗಿಸೋಳು."

"ನಂಗೆ ಮೂರು ಡಿಸ್ಕ್ ಹೋಗಿದೆ," ಎಂದಳು ಅಕ್ಕ. ಯಾರೂ ಕೇಳಿರಲಿಲ್ಲ.

* * *

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಕ್ಕ ತಂಗಿ ಇಬ್ಬರೂ ಕೆಲಸಕ್ಕಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಒದ್ದೆ ಚಾದರಗಳ ಮೂಟೆ ಎತ್ತುವಾಗ ತಂಗಿಯ ಸೊಂಟ ಛಳಕ್ಕೆಂದಿತು. ನೋವು ಪಾದದವರೆಗೂ ಇಳಿಯಿತು. ಅಂದಿನಿಂದ ಅಮ್ಮನ ಬಿಸಿನೀರಿನ ಚೀಲ, ನೆಂಟರ ಫೋನು ಎಲ್ಲ ಅವಳಿಗೆ. ಅಕ್ಕನಿಗೂ ಆಗಾಗ ಸೊಂಟ ಹಿಡಿಯುತ್ತಿತ್ತು. ಹಟ ಹಿಡಿದು ಅವಳೂ ಸ್ಕ್ಯಾನ್ ಮಾಡಿಸಿದಳು.

ಡಾಕ್ಟರು ಎರಡೂ ಫಿಲ್ಮುಗಳನ್ನು ಬೆಳಕಿಗೆ ಹಿಡಿದರು. "ನಿಮ್ದು ಮೂರು ಡಿಸ್ಕ್ ಒಣಗಿ ಸವೆದಿವೆ. ವಯಸ್ಸಾದ ಹಾಗೆ ಕೂದಲು ನರೆಯುತ್ತಲ್ಲ, ಹಾಗೆ. ಗಾಬರಿ ಬೇಡ. ನಿಮ್ಮ ತಂಗೀದು ಒಂದೇ, ಆದ್ರೆ ಅದರೊಳಗಿನ ಮೆತ್ತನೆ ತಿರುಳು ಹೊರಗೆ ಬಂದು ನರ ಒತ್ತುತ್ತಾ ಇದೆ. ಭಾರ ಎತ್ತಬಾರದು. ಹಾಗಂತ ಮಲಗೇ ಇರಬಾರದು, ನಡೀತಿರಬೇಕು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೇ ಕಮ್ಮಿಯಾಗುತ್ತೆ."

ಅಕ್ಕನ ಕಿವಿಗೆ ಬಿದ್ದದ್ದು ಎರಡೇ ಮಾತು: ಮೂರು, ಒಂದು.

ವಿಭಾಗದಲ್ಲಿ ಭಾರ ಎತ್ತದ ಕೆಲಸ ಒಂದೇ ಇತ್ತು, ಹರಿದ ಚಾದರಗಳಿಗೆ ತೇಪೆ ಹಾಕುವುದು. ಎಲ್ಲರೂ ಅದನ್ನು ಕುರ್ಚಿ ಕೆಲಸ ಎನ್ನುತ್ತಿದ್ದರು. ಅದು ತಂಗಿಗೆಂದು ಮಾತಾಗಿತ್ತು. ಮರುದಿನ ಬೆಳಿಗ್ಗೆಯೇ ಅಕ್ಕ ತನ್ನ ಫಿಲ್ಮನ್ನು ಮೇಲ್ವಿಚಾರಕಿಯ ಮೇಜಿನ ಮೇಲೆ ಹರಡಿದಳು.

"ನೀವೇ ಎಣಿಸಿ ನೋಡಿ ಮೇಡಂ."

ಕುರ್ಚಿ ಅಕ್ಕನಿಗೆ ಸಿಕ್ಕಿತು, ತಂಗಿ ಇಸ್ತ್ರಿ ಮೆಷಿನ್ನಿಗೆ ಹೋದಳು.

* * *

ಅದೇ ಮೇಲ್ವಿಚಾರಕಿ ಈಗ ಹಜಾರಕ್ಕೆ ಬಂದು ಅಕ್ಕನ ಪಕ್ಕ ಕೂತರು. ಇಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಅಕ್ಕನ ಬಾಯಿಗೆ ಬಂತು.

"ಕುರ್ಚಿ ಕೆಲಸ ನಾನೇ ಬಂದು ಕೇಳಿದ್ದು ಅವಳಿಗೆ ಗೊತ್ತಿತ್ತಾ ಮೇಡಂ?"

"ಗೊತ್ತಿಲ್ದೇ ಏನು? ನಾನು ನಿಮಗೆ ಆಗಲ್ಲ ಅನ್ನೋಳಿದ್ದೆ. ಮಧ್ಯಾಹ್ನ ಅವಳೇ ಕುಂಟ್ಕೊಂಡು ಬಂದ್ಲು. ‘ಅಕ್ಕಂಗೇ ಕೊಡಿ. ನನ್ನ ಮುಂದೆ ಒಂದ್ಸಲನಾದ್ರೂ ಗೆಲ್ಲಲಿ ಬಿಡಿ’ ಅಂದ್ಲು. ಎಂಥ ದೊಡ್ಡ ಮನಸ್ಸು!"

ಅಕ್ಕನ ಕಣ್ಣು ತುಂಬಿತು. ದುಃಖವೆಂದುಕೊಂಡು ನೆರೆಮನೆಯಾಕೆ ಬೆನ್ನು ಸವರಿದಳು. ಕಸಿದುಕೊಂಡದ್ದಾದರೂ ತನ್ನದೆಂದು ಅಕ್ಕ ನಂಬಿದ್ದಳು. ಅದನ್ನೂ ತಂಗಿಯೇ ಕೊಟ್ಟಿದ್ದಳು.

ಹೊರಡುವ ಹೊತ್ತಾಯಿತು. ಚಪ್ಪಲಿ ಮೆಟ್ಟುತ್ತಿದ್ದ ಅಕ್ಕನನ್ನು ತಂಗಿಯ ಗಂಡ ತಡೆದ.

"ನೀವು ನಡೀಬೇಡಿ ಅಕ್ಕಾ, ನಿಮ್ಮ ಸೊಂಟಕ್ಕಾಗಲ್ಲ. ಕಾರಲ್ಲಿ ಬನ್ನಿ."

"ನಡೀತೀನಿ ಕಣಪ್ಪಾ, ನಂಗೇನೂ..."

ಮೇಲ್ವಿಚಾರಕಿ ಅವಳನ್ನೇ ನೋಡುತ್ತಿದ್ದರು. ಅಕ್ಕ ಕಾರು ಹತ್ತಿದಳು.

ಮುಂದೆ ತಂಗಿ ಜನರ ಹೆಗಲ ಮೇಲೆ ಹೋಗುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ಹೊಸಬರು ನುಗ್ಗಿ ಬಂದು ಹೆಗಲು ಕೊಡುತ್ತಿದ್ದರು. ಕಾರು ಎಲ್ಲರ ಹಿಂದೆ ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕನ ಬಲಗಾಲು, ಆಕ್ಸಿಲರೇಟರ್ ತುಳಿಯುವಂತೆ, ಬರಿಯ ನೆಲವನ್ನು ಒತ್ತುತ್ತಲೇ ಇತ್ತು.